ಉರಿದ ದಫ್ತರ, ಉಳಿದ ಪಿಂಚಣಿ ಚೀಟಿ

ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಬ್ರಿಟಿಷ್ ಸೈನಿಕರಿಗೆ ಕೊಟ್ಟ ಬೆಳ್ಳಿಯ ಪದಕವೊಂದಿದೆ. ಅದರ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿದರೆ ಸಣ್ಣ ಅಕ್ಷರಗಳ ಒಂದು ಸಾಲು ಕಾಣುತ್ತದೆ: ಸೈನಿಕನ ಸಂಖ್ಯೆ, ದರ್ಜೆ, ಹೆಸರು, ರೆಜಿಮೆಂಟು. ಬಾಸ್ಟನ್, ಲಿವರ್‌ಪೂಲ್, ಮೆಲ್ಬರ್ನ್‌ಗಳಲ್ಲಿ ನೆಲೆಸಿದ ಎಷ್ಟೋ ಐರಿಷ್ ಮೂಲದ ಮನೆಗಳಲ್ಲಿ ಮುತ್ತಜ್ಜನ ಬಗ್ಗೆ ಉಳಿದಿರುವ ಬರಹವೆಂದರೆ ಆ ಒಂದು ಸಾಲು ಮಾತ್ರ. ಜೊತೆಗೆ ಸಮವಸ್ತ್ರದ ಒಂದು ಮಸುಕಾದ ಫೋಟೋ, ಬಾಯಿಂದ ಬಾಯಿಗೆ ಬಂದ ಒಂದೆರಡು ಮಾತು. ಅವರು ಕಾರ್ಕ್ ಕಡೆಯವರಂತೆ. ಯುದ್ಧದ ವಿಷಯ ಎತ್ತಿದರೆ ಎದ್ದು ಹೋಗುತ್ತಿದ್ದರಂತೆ. ಇಷ್ಟನ್ನೇ ಹಿಡಿದುಕೊಂಡು ಒಬ್ಬ ಮನುಷ್ಯನ ಊರು, ತಂದೆತಾಯಿ, ಸೇವೆ, ಸಾವು ಇವನ್ನೆಲ್ಲ ಹುಡುಕಿ ತೆಗೆಯಲು ಸಾಧ್ಯವೇ?

ಹಾಗೆ ಹುಡುಕುವವರ ಸಂಖ್ಯೆ ದೊಡ್ಡದು. ಐರ್ಲೆಂಡ್ ದ್ವೀಪದಲ್ಲಿ ಇಂದು ಇರುವ ಜನ ಸುಮಾರು 70 ಲಕ್ಷ. ಅಮೆರಿಕ ಒಂದರಲ್ಲೇ ಮೂರು ಕೋಟಿಗೂ ಹೆಚ್ಚು ಜನ ತಾವು ಐರಿಷ್ ಮೂಲದವರೆಂದು ಹೇಳಿಕೊಳ್ಳುತ್ತಾರೆ. 1845ರಿಂದ ಕೆಲವು ವರ್ಷ ಆಲೂಗೆಡ್ಡೆ ಬೆಳೆ ಕೊಳೆತು ಬಂದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಸರಿಸುಮಾರು ಅಷ್ಟೇ ಜನ ಹಡಗು ಹತ್ತಿದರು. ದ್ವೀಪದ ಜನಸಂಖ್ಯೆ 1841ರಲ್ಲಿ 81 ಲಕ್ಷ ದಾಟಿತ್ತು, 1851ರಲ್ಲಿ 65 ಲಕ್ಷಕ್ಕೆ ಇಳಿದಿತ್ತು. ಹಾಗೆ ಹೋದವರ ಮೊಮ್ಮಕ್ಕಳು, ಮರಿಮಕ್ಕಳು ಈಗ ಹಿಂದಿರುಗಿ ನೋಡುತ್ತಿದ್ದಾರೆ. ಕೆಲವರಿಗೆ ಲೌಕಿಕ ಕಾರಣವೂ ಇದೆ. ಅಜ್ಜನೋ ಅಜ್ಜಿಯೋ ಐರ್ಲೆಂಡಿನಲ್ಲಿ ಹುಟ್ಟಿದ್ದರೆ ಮೊಮ್ಮಕ್ಕಳು ಆ ದೇಶದ ಪೌರತ್ವ ಪಡೆಯಬಹುದು. ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬಂದ ಮೇಲೆ ಅಂಥ ಅರ್ಜಿಗಳು ಬಹಳ ಹೆಚ್ಚಿದವು.

ಐರಿಷ್ ವಂಶಾವಳಿಯ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವುದು ‘ಎಲ್ಲಾ ಸುಟ್ಟುಹೋಯಿತು’ ಎಂಬ ನಿಟ್ಟುಸಿರು. ಅದು ಅರ್ಧ ಸತ್ಯ. ಸುಟ್ಟದ್ದು ಬಹಳ, ಆದರೆ ಉಳಿದದ್ದನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಬಡವನ ಹೆಸರು ಸರ್ಕಾರದ ಕಾಗದದಲ್ಲಿ ಗಟ್ಟಿಯಾಗಿ ಕೂತಿರುವುದು ದುಡ್ಡು ಕೈಬದಲಾದ ಕಡೆ. ಕಂದಾಯ ಕಟ್ಟಿದಾಗ, ಗೇಣಿ ಕೊಟ್ಟಾಗ, ಪಿಂಚಣಿ ಕೇಳಿದಾಗ, ಸತ್ತ ಮಗನ ಬಾಕಿ ಸಂಬಳವನ್ನು ತಾಯಿ ಪಡೆದಾಗ. ಶೌರ್ಯದ ದಾಖಲೆ ಹುಡುಕಿ ಹೊರಟವರು ಬರಿಗೈಯಲ್ಲಿ ಮರಳುವುದುಂಟು. ಹಣದ ಜಾಡು ಹಿಡಿದವರಿಗೆ ಸಾಮಾನ್ಯವಾಗಿ ಏನಾದರೂ ಸಿಕ್ಕೇ ಸಿಗುತ್ತದೆ.

ಮೊದಲು ಬೆಂಕಿಯ ವಿಷಯ. ಬ್ರಿಟನ್ ಜೊತೆ ಮಾಡಿಕೊಂಡ ಒಪ್ಪಂದವನ್ನು ಒಪ್ಪದ ಗಣರಾಜ್ಯವಾದಿಗಳು 1922ರ ಏಪ್ರಿಲ್‌ನಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯ ಸಮುಚ್ಚಯವನ್ನು ಹಿಡಿದುಕೊಂಡು ಕೂತರು. ಆ ಆವರಣದಲ್ಲೇ ದೇಶದ ಸಾರ್ವಜನಿಕ ದಾಖಲೆಗಳ ಕಚೇರಿ ಇತ್ತು. ಏಳು ಶತಮಾನಗಳ ಕಾಗದ ಅಲ್ಲಿ ಕಪಾಟುಗಳಲ್ಲಿತ್ತು. ಜೂನ್ 28ರಂದು ಹೊಸ ಸರ್ಕಾರದ ಪಡೆ ಫಿರಂಗಿ ಹಾರಿಸತೊಡಗಿತು. ಜೂನ್ 30ರಂದು ಭಾರೀ ಸ್ಫೋಟವಾಗಿ ದಾಖಲೆಗಳ ಭಂಡಾರ ಉರಿದುಹೋಯಿತು. ಕರಕಲಾದ ಹಾಳೆಗಳು ಗಾಳಿಯಲ್ಲಿ ತೇಲಿ ಊರಾಚೆಯ ಹೌತ್ ಗುಡ್ಡದವರೆಗೂ ಬಿದ್ದವು. ಯಾರ ತಪ್ಪು ಎಂಬ ವಾದ ಇತಿಹಾಸಕಾರರ ನಡುವೆ ಇಂದಿಗೂ ಇದೆ. ವಂಶ ಹುಡುಕುವವರಿಗೆ ಮುಖ್ಯವಾದದ್ದು ಏನು ಹೋಯಿತು ಎಂಬುದು: 1821, 1831, 1841, 1851ರ ಜನಗಣತಿಯ ಮನೆಮನೆ ಪಟ್ಟಿಗಳು, ಚರ್ಚ್ ಆಫ್ ಐರ್ಲೆಂಡ್ ಎಂಬ ಪ್ರಾಟೆಸ್ಟಂಟ್ ಪಂಥದ ಅರ್ಧಕ್ಕೂ ಹೆಚ್ಚು ಪ್ಯಾರಿಷ್‌ಗಳ ದಫ್ತರಗಳು, ಶತಮಾನಗಳ ಮೂಲ ಉಯಿಲುಗಳು.

ಆದರೆ ಎಲ್ಲ ದೋಷವನ್ನೂ ಆ ಬೆಂಕಿಯ ಮೇಲೆ ಹಾಕುವುದು ಅನ್ಯಾಯ. 1861 ಮತ್ತು 1871ರ ಗಣತಿ ಪಟ್ಟಿಗಳನ್ನು ಲೆಕ್ಕ ಮುಗಿದ ಮೇಲೆ ಸರ್ಕಾರವೇ ನಾಶಮಾಡಿತ್ತು. 1881 ಮತ್ತು 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ಕಾಗದದ ತಿರುಳಾಗಿ ಹೋದವು. ಎಂಬತ್ತು ವರ್ಷಗಳ ಗಣತಿಯಲ್ಲಿ ಅರ್ಧವನ್ನು ನುಂಗಿದ್ದು ಯುದ್ಧವಲ್ಲ, ಗುಮಾಸ್ತರ ಆದೇಶ. ಹಳೆಯ ಕಾಗದದ ಬೆಲೆ ತಿಳಿಯದ ಆಡಳಿತ ಎಷ್ಟು ಹಾನಿ ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇನ್ನು ಉಳಿದದ್ದು. 1901 ಮತ್ತು 1911ರ ಗಣತಿ ಇಡಿಯಾಗಿ ಉಳಿದಿದೆ. ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರ ಅದನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಮನೆಯ ಯಜಮಾನ ತುಂಬಿ ಸಹಿಮಾಡಿದ ಮೂಲ ಹಾಳೆಯೇ ಕಣ್ಣೆದುರು ಬರುತ್ತದೆ. ಓದುಬರಹ ಬಾರದವನಾದರೆ ಸಹಿಯ ಜಾಗದಲ್ಲಿ ಅವನ ಗುರುತು. ಧರ್ಮ, ವೃತ್ತಿ, ಹುಟ್ಟಿದ ಜಿಲ್ಲೆ, ಐರಿಷ್ ಭಾಷೆ ಬರುತ್ತದೆಯೇ ಇಲ್ಲವೇ, ಎಲ್ಲ ಅಲ್ಲಿದೆ. 1911ರ ಗಣತಿಯಲ್ಲಿ ಮದುವೆಯಾದ ಹೆಂಗಸರಿಗೆ ಹೆಚ್ಚಾಗಿ ಕೇಳಿದ ಪ್ರಶ್ನೆಗಳಲ್ಲಿ ಎರಡು ಇವು: ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಬದುಕಿದ್ದಾರೆ? ಡಬ್ಲಿನ್ನಿನ ಕೊಳೆಗೇರಿಗಳ ಹಾಳೆಗಳಲ್ಲಿ ಆ ಎರಡು ಅಂಕಿಗಳ ನಡುವಿನ ಅಂತರ ನೋಡಿದರೆ ಕರುಳು ಹಿಂಡುತ್ತದೆ.

ಸೈನಿಕನನ್ನು ಹುಡುಕುವವರು ಇಲ್ಲಿ ಒಂದು ವಿಷಯ ತಿಳಿದಿರಬೇಕು. ಬ್ಯಾರಕ್ಕಿನಲ್ಲಿದ್ದವರ ಪೂರ್ತಿ ಹೆಸರನ್ನು ಐರಿಷ್ ಗಣತಿಯಲ್ಲಿ ಬರೆದಿಲ್ಲ, ಇನಿಷಿಯಲ್ ಮಾತ್ರ ಇದೆ. ಭಾರತದ ದಂಡುಪ್ರದೇಶಗಳಲ್ಲಿ ಇದ್ದವರಂತೂ ಐರ್ಲೆಂಡಿನ ಗಣತಿಯಲ್ಲೇ ಇಲ್ಲ. ಅವರನ್ನು 1911ರ ಇಂಗ್ಲೆಂಡ್–ವೇಲ್ಸ್ ಗಣತಿಯಲ್ಲಿ, ಹೊರದೇಶದ ಸೇನೆಯ ಭಾಗದಲ್ಲಿ ಹುಡುಕಬೇಕು. ಮನೆಯ ಹಾಳೆಯಲ್ಲಿ ಮಗ ಕಾಣದಿದ್ದರೆ ಸತ್ತನೆಂದೋ ವಲಸೆ ಹೋದನೆಂದೋ ತೀರ್ಮಾನಿಸುವ ಮೊದಲು ಆ ಕಡೆ ನೋಡಬೇಕು.

ಗಣತಿಗಿಂತ ಹಿಂದೆ ಹೋಗಬೇಕಾದರೆ ಕಂದಾಯದ ಕಡತಗಳೇ ಗತಿ. ಚರ್ಚ್ ಆಫ್ ಐರ್ಲೆಂಡಿಗೆ ಎಲ್ಲ ಧರ್ಮದ ರೈತರೂ ಕೊಡಬೇಕಿದ್ದ ದಶಾಂಶಕ್ಕಾಗಿ 1823ರಿಂದ 1837ರ ನಡುವೆ ಬರೆದ ಪುಸ್ತಕಗಳಿವೆ. ಬಡವರ ಪರಿಹಾರಕ್ಕೆ ಹಾಕುವ ತೆರಿಗೆಗಾಗಿ ರಿಚರ್ಡ್ ಗ್ರಿಫಿತ್ ಎಂಬ ಭೂವಿಜ್ಞಾನಿಯ ಮುಂದಾಳತ್ವದಲ್ಲಿ 1847ರಿಂದ 1864ರವರೆಗೆ ಇಡೀ ದೇಶದ ಜಮೀನು, ಮನೆಗಳ ಮೌಲ್ಯ ಕಟ್ಟಿದ ಪಟ್ಟಿ ಇದೆ. ಗೇಣಿದಾರ ಯಾರು, ಭೂಮಾಲೀಕ ಯಾರು, ಎಷ್ಟು ಎಕರೆ, ಎಷ್ಟು ಬೆಲೆ ಎಂಬುದು ನಕ್ಷೆಯ ಸಮೇತ ಸಿಗುತ್ತದೆ. ವಸೂಲಿಗೆಂದು ಬರೆದ ಈ ಪಟ್ಟಿ, ಹೋದ ಗಣತಿಗಳ ಜಾಗವನ್ನು ಇಂದು ತುಂಬುತ್ತಿದೆ. ಕುಟುಂಬದ ಹೆಸರನ್ನು ಅದರಲ್ಲಿ ಹುಡುಕಲು ಟೌನ್‌ಲ್ಯಾಂಡಿನ ಹೆಸರು ಬೇಕು. ನಮ್ಮ ಕಂದಾಯ ಗ್ರಾಮದೊಳಗಿನ ಮಜರೆಯಂಥ ಸಣ್ಣ ಘಟಕ ಅದು. ಐರ್ಲೆಂಡಿನಲ್ಲಿ ಅಂಥವು 60 ಸಾವಿರಕ್ಕೂ ಹೆಚ್ಚಿವೆ, ಒಂದೇ ಹೆಸರಿನವು ಹತ್ತಾರು ಕಡೆ ಇವೆ. ‘ಕಾರ್ಕ್ ಕಡೆಯವರು’ ಎಂಬ ಮಾತಿನಿಂದ ಏನೂ ಆಗುವುದಿಲ್ಲ. ಟೌನ್‌ಲ್ಯಾಂಡ್ ಗೊತ್ತಾದ ದಿನವೇ ಹುಡುಕಾಟ ನಿಜವಾಗಿ ಶುರುವಾಗುವುದು.

ಹಣದ ಜಾಡಿನ ಅತ್ಯುತ್ತಮ ಉದಾಹರಣೆ ವೃದ್ಧಾಪ್ಯ ಪಿಂಚಣಿಯದು. 1908ರ ಕಾಯ್ದೆ 70 ದಾಟಿದ ಬಡವರಿಗೆ ಪಿಂಚಣಿ ಕೊಟ್ಟಿತು. ಆದರೆ ಐರ್ಲೆಂಡಿನಲ್ಲಿ ಎಲ್ಲರ ಜನನ ನೋಂದಣಿ ಶುರುವಾದದ್ದೇ 1864ರಲ್ಲಿ. 70ರ ಮುದುಕ ತನ್ನ ವಯಸ್ಸನ್ನು ತೋರಿಸುವುದು ಹೇಗೆ? 1841, 1851ರ ಗಣತಿಯಲ್ಲಿ ತಾನು ಮಗುವಾಗಿದ್ದೆ, ಹುಡುಕಿ ನೋಡಿ ಎಂದು ಅರ್ಜಿ ಹಾಕಬೇಕಿತ್ತು. ಗುಮಾಸ್ತರು ಗಣತಿಯ ಹಾಳೆ ತೆಗೆದು ಆ ಕುಟುಂಬದ ವಿವರವನ್ನು ಚೀಟಿಗೆ ಇಳಿಸಿಕೊಂಡರು. ಮೂಲ ಹಾಳೆಗಳು 1922ರಲ್ಲಿ ಬೂದಿಯಾದವು, ಚೀಟಿಗಳು ಉಳಿದವು. ಕ್ಷಾಮಕ್ಕೆ ಮೊದಲಿನ ಎಷ್ಟೋ ಮನೆಗಳ ಅಣ್ಣತಮ್ಮಂದಿರ ಹೆಸರು ನಮಗೆ ಗೊತ್ತಾಗಿರುವುದು ಒಬ್ಬ ಮುದುಕಿ ವಾರಕ್ಕೆ ಕೆಲವು ಶಿಲಿಂಗ್ ಕೇಳಿದ್ದರಿಂದ. ಇದೇ ಪಿಂಚಣಿ ಇನ್ನೊಂದು ಗೊಂದಲವನ್ನೂ ತಂದಿತು. 1901ರಲ್ಲಿ 56 ಎಂದು ಬರೆಸಿದವನು 1911ರಲ್ಲಿ 70 ಎಂದು ಬರೆಸಿದ ಉದಾಹರಣೆಗಳು ಬೇಕಾದಷ್ಟಿವೆ. ಆ ಎರಡು ಗಣತಿಗಳ ವಯಸ್ಸನ್ನು ನಂಬಿ ಹುಟ್ಟಿದ ವರ್ಷ ಲೆಕ್ಕ ಹಾಕಬಾರದು.

ಕ್ಯಾಥೊಲಿಕ್ ಚರ್ಚುಗಳ ದಫ್ತರಗಳು ಡಬ್ಲಿನ್ ಕಚೇರಿಗೆ ಹೋಗಿರಲೇ ಇಲ್ಲ, ಹಾಗಾಗಿ ಸುಡಲಿಲ್ಲ. 1880ರ ಸುಮಾರಿನವರೆಗಿನ ಆ ಜ್ಞಾನಸ್ನಾನ, ಮದುವೆಯ ಪುಸ್ತಕಗಳನ್ನು ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಉಚಿತವಾಗಿ ತೆರೆದಿಟ್ಟಿತು. ಲ್ಯಾಟಿನ್ ಹೆಸರುಗಳು, ಮಾಸಿದ ಶಾಯಿ, ಕೆಟ್ಟ ಕೈಬರಹ. ಆದರೂ ಅವು ಚಿನ್ನ. ಊರಲ್ಲೇ ಉಳಿದ ಪ್ರಾಟೆಸ್ಟಂಟ್ ದಫ್ತರಗಳೂ ಬಚಾವಾದವು. ಬರಾಕ್ ಒಬಾಮಾ ಅವರ ತಾಯಿಯ ಕಡೆಯ ಪೂರ್ವಜ ಫಾಲ್‌ಮತ್ ಕಿಯರ್ನಿ ಎಂಬ ಚಮ್ಮಾರನ ಮಗ 1850ರಲ್ಲಿ ಮನಿಗಾಲ್ ಎಂಬ ಹಳ್ಳಿಯಿಂದ ಅಮೆರಿಕಕ್ಕೆ ಹೋದದ್ದು ಖಚಿತವಾದದ್ದು ಹಾಗೆ ಸ್ಥಳೀಯವಾಗಿ ಉಳಿದಿದ್ದ ಪುಸ್ತಕದಿಂದ. 2011ರ ಮೇನಲ್ಲಿ ಅಧ್ಯಕ್ಷರು ಆ ಹಳ್ಳಿಗೇ ಬಂದರು. ಕೇಂದ್ರಕ್ಕೆ ಕಳುಹಿಸಿದ್ದರೆ ಆ ಪುಸ್ತಕವೂ ಹೋಗುತ್ತಿತ್ತು. ಸುಟ್ಟದ್ದರ ನಕಲುಗಳನ್ನು ಜಗತ್ತಿನ ಬೇರೆಬೇರೆ ಪತ್ರಾಗಾರಗಳಿಂದ ಕೂಡಿಸಿ, ನಾಶವಾದ ಭಂಡಾರವನ್ನು ಡಿಜಿಟಲ್ ರೂಪದಲ್ಲಿ ಮತ್ತೆ ಕಟ್ಟುವ ಕೆಲಸವನ್ನು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಮುಂದಾಳತ್ವದಲ್ಲಿ ಮಾಡುತ್ತಿದ್ದಾರೆ. ಬೆಂಕಿಗೆ ನೂರು ವರ್ಷ ತುಂಬಿದ 2022ರ ಜೂನ್‌ನಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಇತ್ತೀಚಿನ ವರ್ಷಗಳಲ್ಲಿ ಈ ಕ್ಷೇತ್ರದಲ್ಲಿ ನಡೆದ ಅತ್ಯಂತ ದೊಡ್ಡ ಕೆಲಸ ಇದೇ ಎಂದು ನನ್ನ ಅಭಿಪ್ರಾಯ.

ಕುಟುಂಬದ ಊರು ಸಿಕ್ಕಿತು ಎಂದುಕೊಳ್ಳೋಣ. ಸೈನಿಕ ಯಾವ ಸೇನೆಯಲ್ಲಿದ್ದ? ಇದು ಸರಳ ಪ್ರಶ್ನೆಯಲ್ಲ. 1830ರಲ್ಲಿ ಬ್ರಿಟಿಷ್ ಸೇನೆಯ ಸಾಮಾನ್ಯ ಸೈನಿಕರಲ್ಲಿ ನೂರಕ್ಕೆ 42ರಷ್ಟು ಮಂದಿ ಐರಿಷರು. ಹಸಿದ ಹಳ್ಳಿಯ ಹುಡುಗನಿಗೆ ಊಟ, ಬಟ್ಟೆ, ಸಂಬಳ ಒಟ್ಟಿಗೆ ಸಿಗುವ ಜಾಗ ಅದೊಂದೇ ಆಗಿತ್ತು. ಹಾಗೆ ಸೇರಿ ನಿವೃತ್ತರಾದವರ ಪಿಂಚಣಿ ಕಾಗದಗಳು ಡಬ್ಲಿನ್ನಿನ ಕಿಲ್ಮೇನಮ್ ಮತ್ತು ಲಂಡನ್ನಿನ ಚೆಲ್ಸಿ ಆಸ್ಪತ್ರೆಗಳ ಹೆಸರಿನಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಹುಟ್ಟಿದ ಪ್ಯಾರಿಷ್, ಎತ್ತರ, ಕಣ್ಣಿನ ಬಣ್ಣ, ಎಲ್ಲೆಲ್ಲಿ ಸೇವೆ, ಎಲ್ಲಿ ಗಾಯ, ಎಲ್ಲವೂ ಅವುಗಳಲ್ಲಿವೆ. ಹತ್ತೊಂಬತ್ತನೆಯ ಶತಮಾನದ ಒಬ್ಬ ಕೂಲಿಕಾರನ ಕಣ್ಣಿನ ಬಣ್ಣ ತಿಳಿಯಲು ಬೇರೆ ದಾರಿ ಅಪರೂಪ.

ಈಸ್ಟ್ ಇಂಡಿಯಾ ಕಂಪನಿಯ ಯುರೋಪಿಯನ್ ಪಲ್ಟನುಗಳಲ್ಲೂ ಐರಿಷರೇ ತುಂಬಿದ್ದರು. ಕನ್ನಡ ನಾಡಿನ ನೆಲಕ್ಕೆ ಈ ಕಥೆ ತಾಗುವುದು ಇಲ್ಲಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಡಬ್ಲಿನ್ನಿನಲ್ಲಿ ಹುಟ್ಟಿದವನು. 1809ರಲ್ಲಿ ಬೆಂಗಳೂರು ದಂಡು ಕಟ್ಟಿದಾಗಿನಿಂದ ಐರಿಷ್ ಸೈನಿಕರು ಇಲ್ಲಿ ಬಂದು ಹೋಗುತ್ತಿದ್ದರು. ರೆಸಿಡೆನ್ಸಿ ರಸ್ತೆಯ ಕ್ಯಾಥೊಲಿಕ್ ಚರ್ಚಿಗೆ ಐರ್ಲೆಂಡಿನ ಸಂತ ಪ್ಯಾಟ್ರಿಕ್ಕನ ಹೆಸರಿದೆ. ಕಂಪನಿಯ ಮದ್ರಾಸ್ ಯುರೋಪಿಯನ್ ರೆಜಿಮೆಂಟು ರಾಣಿಯ ಸೇನೆಗೆ ಸೇರಿ, 1881ರ ಸುಧಾರಣೆಯಲ್ಲಿ ರಾಯಲ್ ಡಬ್ಲಿನ್ ಫ್ಯೂಸಿಲಿಯರ್ಸ್‌ನ ಮೊದಲ ಬೆಟಾಲಿಯನ್ ಆಯಿತು. ಬಂಗಾಳದ ಕಂಪನಿ ಪಲ್ಟನುಗಳು ರಾಯಲ್ ಮನ್‌ಸ್ಟರ್ ಫ್ಯೂಸಿಲಿಯರ್ಸ್ ಆದವು. 1914ರ ಆಗಸ್ಟ್‌ನಲ್ಲಿ ಯುದ್ಧ ಶುರುವಾದಾಗ ಆ ಡಬ್ಲಿನ್ ಬೆಟಾಲಿಯನ್ ಮದ್ರಾಸಿನಲ್ಲೇ ಇತ್ತು. 1915ರ ಏಪ್ರಿಲ್ 25ರ ಬೆಳಿಗ್ಗೆ ಗಲಿಪೊಲಿಯ ವಿ ಬೀಚ್‌ನಲ್ಲಿ ದೋಣಿಗಳಿಂದ ಇಳಿಯುತ್ತಿದ್ದಂತೆ ಟರ್ಕಿಯ ಮೆಷಿನ್‌ಗನ್‌ಗಳಿಗೆ ಅದರ ಬಹುಪಾಲು ಸೈನಿಕರು ಬಲಿಯಾದರು, ಇಲ್ಲವೇ ಗಾಯಗೊಂಡರು. ರಿವರ್ ಕ್ಲೈಡ್ ಹಡಗಿನಿಂದ ಹೊರಬಂದ ಮನ್‌ಸ್ಟರ್ ಬೆಟಾಲಿಯನ್ನಿನದೂ ಅದೇ ಗತಿ. ಉಳಿದ ಕೈಬೆರಳೆಣಿಕೆಯ ಬಂಟರನ್ನು ಸೇರಿಸಿ ಕೆಲಕಾಲ ಒಂದೇ ಪಡೆ ಮಾಡಬೇಕಾಯಿತು.

ಆ ಯುದ್ಧದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಐರಿಷರು ಬ್ರಿಟಿಷ್ ಸೇನೆಯಲ್ಲಿ ದುಡಿದರು. ಕಡ್ಡಾಯ ಸೇನಾಭರ್ತಿ ಐರ್ಲೆಂಡಿನಲ್ಲಿ ಜಾರಿಗೆ ಬರಲೇ ಇಲ್ಲ. 1918ರಲ್ಲಿ ಕಾಯ್ದೆ ಮಾಡಿದರೂ ಜನ ಎದ್ದು ನಿಂತು ತಡೆದರು. ಹಾಗಾಗಿ ಹೋದವರೆಲ್ಲ ತಾವಾಗಿ ಹೋದವರು. ಸತ್ತವರೆಷ್ಟು ಎಂಬುದು ವಾದದ ವಿಷಯ. 1923ರಲ್ಲಿ ಕಲಾವಿದ ಹ್ಯಾರಿ ಕ್ಲಾರ್ಕ್ ಅಲಂಕರಿಸಿದ ಎಂಟು ಸಂಪುಟಗಳ ಸ್ಮಾರಕ ಗ್ರಂಥದಲ್ಲಿ 49,400 ಹೆಸರುಗಳಿವೆ. ಅವರಲ್ಲಿ ಐರಿಷ್ ರೆಜಿಮೆಂಟುಗಳಲ್ಲಿದ್ದ ಇಂಗ್ಲಿಷರೂ ಇದ್ದಾರೆ, ಬೇರೆ ಸೇನೆಗಳಲ್ಲಿ ಸತ್ತ ಹಲವು ಐರಿಷರು ಇಲ್ಲ. 35,000ದ ಆಸುಪಾಸು ಎಂಬುದು ಹೆಚ್ಚು ಒಪ್ಪಿತವಾದ ಅಂದಾಜು. ಪೂರ್ವಜನ ಹೆಸರು ಆ ಗ್ರಂಥದಲ್ಲಿದೆ ಎಂದ ಮಾತ್ರಕ್ಕೆ ಅವನು ಐರ್ಲೆಂಡಿನವನೇ ಎಂದಾಗಲಿ, ಇಲ್ಲವೆಂದರೆ ಅವನು ಸಾಯಲಿಲ್ಲ ಎಂದಾಗಲಿ ಹೇಳುವಂತಿಲ್ಲ.

ಇಲ್ಲಿ ಎರಡನೆಯ ಬೆಂಕಿ ಎದುರಾಗುತ್ತದೆ. 1940ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಬಾಂಬು ಲಂಡನ್ನಿನ ಯುದ್ಧ ಇಲಾಖೆಯ ಉಗ್ರಾಣದ ಮೇಲೆ ಬಿತ್ತು. ಮೊದಲ ಮಹಾಯುದ್ಧದ ಸಾಮಾನ್ಯ ಸೈನಿಕರ ಸೇವಾ ಕಡತಗಳಲ್ಲಿ ಸುಮಾರು ನೂರಕ್ಕೆ 60ರಷ್ಟು ಹೋದವು. ಉಳಿದವು ಅಂಚು ಕರಕಲಾಗಿ, ನೀರಿನಲ್ಲಿ ನೆನೆದು ‘ಸುಟ್ಟ ದಾಖಲೆಗಳು’ ಎಂದೇ ಹೆಸರಾಗಿವೆ. ಡಬ್ಲಿನ್ನಿನಲ್ಲಿ ಹುಟ್ಟಿ ಬ್ರಿಟಿಷ್ ಸೇನೆ ಸೇರಿದವನ ತಾತನ ಕಾಗದ ಒಂದು ಬೆಂಕಿಯಲ್ಲಿ, ಅವನ ಸ್ವಂತ ಕಾಗದ ಇನ್ನೊಂದರಲ್ಲಿ ಹೋಗಿರುವ ಸಂಭವ ಬಹಳ.

ಆದರೆ ಸೇವಾ ಕಡತ ಇಲ್ಲದಿದ್ದರೂ ದುಡ್ಡಿನ ಕಾಗದ ಇದೆ. ಸತ್ತ ಸೈನಿಕನ ಬಾಕಿ ಹಣ ಯಾರಿಗೆ, ಎಷ್ಟು ಸಂದಿತು ಎಂಬ ದಫ್ತರಗಳು ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದಲ್ಲಿವೆ. ತಾಯಿಯ ಹೆಸರು, ವಿಧವೆಯ ಹೆಸರು ಅಲ್ಲಿ ಸಿಗುತ್ತದೆ. ಪಿಂಚಣಿ ಇಲಾಖೆಯ ಲಕ್ಷಾಂತರ ಕಾರ್ಡುಗಳನ್ನು ಇನ್ನೇನು ವಿಲೇವಾರಿ ಮಾಡಬೇಕೆಂದಿದ್ದಾಗ 2012ರಲ್ಲಿ ವೆಸ್ಟರ್ನ್ ಫ್ರಂಟ್ ಅಸೋಸಿಯೇಷನ್ ಎಂಬ ಆಸಕ್ತರ ಸಂಘ ತನ್ನ ವಶಕ್ಕೆ ತೆಗೆದುಕೊಂಡು ಉಳಿಸಿತು. ಇಂಥ ಉಪಕಾರಕ್ಕೆ ಕೃತಜ್ಞತೆ ಸಾಲದು. ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಸುಮಾರು 9,000 ಸೈನಿಕರ ಉಯಿಲುಗಳಿವೆ. ಸಂಬಳದ ಪುಸ್ತಕದ ಒಂದು ಹಾಳೆಯಲ್ಲಿ ಪೆನ್ಸಿಲಿನಲ್ಲಿ ಎರಡು ಸಾಲು: ನಾನು ಸತ್ತರೆ ನನ್ನದೆಲ್ಲ ಅಮ್ಮನಿಗೆ. ಕೆಳಗೆ ಅಮ್ಮನ ವಿಳಾಸ. ಆ ವಿಳಾಸದಿಂದ 1911ರ ಗಣತಿಗೆ, ಅಲ್ಲಿಂದ ಟೌನ್‌ಲ್ಯಾಂಡಿಗೆ, ಅಲ್ಲಿಂದ ಗ್ರಿಫಿತ್‌ನ ಪಟ್ಟಿಗೆ ದಾರಿ ತೆರೆಯುತ್ತದೆ. ಪದಕ ಪಡೆದವರ ಸೂಚಿ ಕಾರ್ಡುಗಳೂ ಬೆಂಕಿಯಿಂದ ಪಾರಾಗಿವೆ. ಬೆಟಾಲಿಯನ್ ಯಾವುದೆಂದು ತಿಳಿದರೆ ಅದರ ಯುದ್ಧ ದಿನಚರಿ ಓದಬಹುದು. ಅಲ್ಲಿ ಸಾಮಾನ್ಯ ಸೈನಿಕನ ಹೆಸರು ಬರುವುದು ಅಪರೂಪ, ಆದರೆ ಅವನು ಸತ್ತ ದಿನ ಎಲ್ಲಿ ಮಳೆ ಸುರಿಯುತ್ತಿತ್ತು, ಯಾವ ಕಂದಕದಿಂದ ಮೇಲೆದ್ದರು ಎಂಬುದೆಲ್ಲ ಇರುತ್ತದೆ.

ಕಾಗದ ಸಿಕ್ಕಿದರೆ ಸಾಲದು, ಒಂದನ್ನು ಇನ್ನೊಂದರ ಜೊತೆ ಹೊಂದಿಸಿ ನೋಡಬೇಕು. ಬೆಲ್ಜಿಯಂನ ಪೂಲ್‌ಕಪೆಲ್ಲೆ ಸ್ಮಶಾನದಲ್ಲಿ ವಾಟರ್‌ಫರ್ಡ್‌ನ ಜಾನ್ ಕಾಂಡನ್ ಎಂಬ ಸೈನಿಕನ ಸಮಾಧಿಗೆ ಜನ ಸಾಲುಗಟ್ಟಿ ಬರುತ್ತಾರೆ. 1915ರ ಮೇ 24ರಂದು ಸತ್ತಾಗ ಅವನಿಗೆ 14 ವರ್ಷ ಎಂದು ಕಲ್ಲಿನ ಮೇಲಿದೆ. ಆ ಯುದ್ಧದಲ್ಲಿ ಸತ್ತ ಅತಿ ಕಿರಿಯ ಬ್ರಿಟಿಷ್ ಸೈನಿಕ ಎಂಬ ಖ್ಯಾತಿ ಅವನದು. ಆದರೆ ಜನನ ದಾಖಲೆ ತೆಗೆದು ನೋಡಿದ ಸಂಶೋಧಕರು ಅವನಿಗೆ ಆಗ 18 ಎಂದೂ, ಆ ಗುಂಡಿಯಲ್ಲಿ ಮಲಗಿರುವವನು ಬೇರೊಬ್ಬ ಸೈನಿಕನಿರಬಹುದೆಂದೂ ವಾದಿಸಿದ್ದಾರೆ. ಆ ವಾದ ಬಲವಾಗಿದೆ. ಕಲ್ಲು ಮಾತ್ರ ಹಾಗೇ ನಿಂತಿದೆ. ಕಲ್ಲಿನಲ್ಲಿ ಕೆತ್ತಿದ್ದನ್ನೇ ಪರೀಕ್ಷಿಸಬೇಕಾದರೆ, ಮನೆಯಲ್ಲಿ ಕೇಳಿಬಂದ ಕಥೆಯನ್ನು ಪರೀಕ್ಷಿಸದೆ ಒಪ್ಪುವುದು ಹೇಗೆ?

ಐರಿಷ್ ಕುಟುಂಬಗಳ ಮೌನಕ್ಕೆ ಕಾರಣ ಇತಿಹಾಸದಲ್ಲಿದೆ. ಹೋಂ ರೂಲ್, ಅಂದರೆ ಸ್ವಯಮಾಡಳಿತ, ಸಿಗುತ್ತದೆಂಬ ನಂಬಿಕೆಯಿಂದ, ರಾಷ್ಟ್ರೀಯವಾದಿ ನಾಯಕ ಜಾನ್ ರೆಡ್‌ಮಂಡ್‌ರ ಮಾತು ಕೇಳಿ 1914ರಲ್ಲಿ ಸೇರಿದ ಹುಡುಗ 1919ರಲ್ಲಿ ಊರಿಗೆ ಮರಳಿದಾಗ ಊರೇ ಬದಲಾಗಿತ್ತು. 1916ರ ಈಸ್ಟರ್ ದಂಗೆ ನಡೆದು, ಅದರ ನಾಯಕರನ್ನು ಅವನು ತೊಟ್ಟಿದ್ದ ಸಮವಸ್ತ್ರದವರೇ ಗುಂಡಿಟ್ಟು ಕೊಂದಿದ್ದರು. ಅವನು ಪದಕವನ್ನು ಪೆಟ್ಟಿಗೆಯ ತಳಕ್ಕೆ ಹಾಕಿದ. 1922ರಲ್ಲಿ ದಕ್ಷಿಣ ಐರ್ಲೆಂಡಿನ ರೆಜಿಮೆಂಟುಗಳನ್ನೇ ವಿಸರ್ಜಿಸಲಾಯಿತು. ಡಬ್ಲಿನ್ ಫ್ಯೂಸಿಲಿಯರ್ಸ್, ಮನ್‌ಸ್ಟರ್ ಫ್ಯೂಸಿಲಿಯರ್ಸ್, ಕನಾಟ್ ರೇಂಜರ್ಸ್ ಯಾವುದೂ ಉಳಿಯಲಿಲ್ಲ. ನವದೆಹಲಿ ಕಟ್ಟಿದ ಲಟ್ಯೆನ್ಸ್ ವಿನ್ಯಾಸ ಮಾಡಿದ ಡಬ್ಲಿನ್ನಿನ ಯುದ್ಧ ಸ್ಮಾರಕ ಉದ್ಯಾನ ವಿಧಿವತ್ತಾಗಿ ಉದ್ಘಾಟನೆಯಾದದ್ದು 1988ರಲ್ಲಿ. ಅರ್ಧ ಶತಮಾನಕ್ಕೂ ಮೀರಿ ಒಂದು ದೇಶ ತನ್ನ ಹತ್ತಾರು ಸಾವಿರ ಸತ್ತ ಮಕ್ಕಳ ಹೆಸರೆತ್ತಲು ಹಿಂಜರಿಯಿತು. ಅದು ದೊಡ್ಡ ಅನ್ಯಾಯ ಎಂದೇ ನಾನು ಭಾವಿಸುತ್ತೇನೆ.

ಹಾಗಾಗಿ ಪೂರ್ವಜನನ್ನು ಒಂದೇ ಪತ್ರಾಗಾರದಲ್ಲಿ ಹುಡುಕಿ ಬಿಡಬಾರದು. ಎಮೆಟ್ ಡಾಲ್ಟನ್ 1916ರಲ್ಲಿ ಸೊಮ್ಮಿನ ಗಿಂಚಿಯಲ್ಲಿ ಹೋರಾಡಿ ಬ್ರಿಟಿಷ್ ಸೇನೆಯ ಮಿಲಿಟರಿ ಕ್ರಾಸ್ ಪಡೆದವರು. ಅವರೇ ಮುಂದೆ ಬ್ರಿಟಿಷರ ವಿರುದ್ಧ ಹೋರಾಡಿದ ಐಆರ್‌ಎ ಸೇರಿ, 1922ರ ಆಗಸ್ಟ್ 22ರಂದು ಹೊಸ ಸರ್ಕಾರದ ಸೇನಾನಾಯಕ ಮೈಕಲ್ ಕಾಲಿನ್ಸ್ ಗುಂಡಿಗೆ ಬಲಿಯಾದಾಗ ಪಕ್ಕದಲ್ಲಿದ್ದರು. ಮೆಸೊಪೊಟೇಮಿಯಾದಲ್ಲಿ ಬ್ರಿಟಿಷ್ ಫಿರಂಗಿ ಪಡೆಯಲ್ಲಿದ್ದ ಟಾಮ್ ಬ್ಯಾರಿ ವೆಸ್ಟ್ ಕಾರ್ಕ್‌ನಲ್ಲಿ ಅದೇ ಸೇನೆಯ ವಿರುದ್ಧ ಹೊಂಚುದಾಳಿ ನಡೆಸಿದರು. ಇಬ್ಬರೂ ಪ್ರಸಿದ್ಧರು, ಹೆಸರಿಲ್ಲದ ಇಂಥವರು ಇನ್ನೂ ಬಹಳ ಮಂದಿ. ಡಬ್ಲಿನ್ನಿನ ರಾತ್‌ಮೈನ್ಸ್‌ನಲ್ಲಿರುವ ಮಿಲಿಟರಿ ಆರ್ಕೈವ್ಸ್‌ನಲ್ಲಿ ಸ್ವಾತಂತ್ರ್ಯ ಹೋರಾಟದ 1,773 ಸಾಕ್ಷಿ ಹೇಳಿಕೆಗಳಿವೆ. 1947ರಿಂದ 1957ರವರೆಗೆ ಸಂಗ್ರಹಿಸಿ, 2003ರಲ್ಲಿ ಬಿಡುಗಡೆ ಮಾಡಿದರು. ಅದಕ್ಕಿಂತ ಶ್ರೀಮಂತವಾದದ್ದು ಅಲ್ಲಿನ ಪಿಂಚಣಿ ಸಂಗ್ರಹ. 1924 ಮತ್ತು 1934ರ ಕಾಯ್ದೆಗಳಡಿ ಅರ್ಜಿ ಹಾಕಿದವರು ತಾವು ಎಲ್ಲಿ ಕಾವಲು ನಿಂತೆವು, ಯಾವ ದಾಳಿಯಲ್ಲಿದ್ದೆವು ಎಂದು ಬರೆದು, ಸಂಗಾತಿಗಳ ಸಾಕ್ಷ್ಯ ಒದಗಿಸಬೇಕಿತ್ತು. ಬಹುಪಾಲು ಅರ್ಜಿಗಳು ತಿರಸ್ಕೃತವಾದವು. ತಿರಸ್ಕೃತ ಅರ್ಜಿಯಲ್ಲಿ ಹೆಚ್ಚಾಗಿ ಮನೆಯ ಬಡತನವೇ ತುಂಬಿರುತ್ತದೆ: ಕೆಲಸವಿಲ್ಲ, ಕ್ಷಯ, ಐದು ಮಕ್ಕಳು. ಗುಪ್ತ ಸಂದೇಶ ಒಯ್ದ, ಬಂದೂಕು ಅಡಗಿಸಿದ ಹೆಂಗಸರ ಹೆಸರುಗಳೂ ಬೇರೆಲ್ಲೂ ಇಲ್ಲದಷ್ಟು ಇಲ್ಲಿವೆ.

ಭಾರತದಲ್ಲೇ ನಡೆದ ಒಂದು ಘಟನೆಗೂ ಪಿಂಚಣಿಯ ನಂಟಿದೆ. 1920ರ ಜೂನ್ 28ರಂದು ಜಲಂಧರಿನಲ್ಲಿ ಕನಾಟ್ ರೇಂಜರ್ಸ್‌ನ ಸೈನಿಕರು ತಮ್ಮ ಊರುಗಳಲ್ಲಿ ಬ್ರಿಟಿಷ್ ಪಡೆಗಳು ನಡೆಸುತ್ತಿದ್ದ ದಬ್ಬಾಳಿಕೆ ಖಂಡಿಸಿ ಕೆಲಸ ಮಾಡಲು ನಿರಾಕರಿಸಿದರು. ದಂಗೆ ಸೋಲನ್‌ಗೆ ಹಬ್ಬಿತು. ಅಲ್ಲಿ ಮುಂದಾಳಾಗಿದ್ದ ಜೇಮ್ಸ್ ಡೇಲಿಯನ್ನು ನವೆಂಬರ್ 2ರಂದು ದಗ್‌ಶಾಯಿಯ ಸೆರೆಮನೆಯಲ್ಲಿ ಗುಂಡಿಟ್ಟು ಕೊಂದರು. ಅವನ ಅಸ್ಥಿ ತಾಯ್ನಾಡಿಗೆ ಮರಳಿದ್ದು 1970ರಲ್ಲಿ. 1936ರಲ್ಲಿ ಐರಿಷ್ ಸರ್ಕಾರ ಆ ಬಂಡುಗಾರರಿಗಾಗಿಯೇ ಪಿಂಚಣಿ ಕಾಯ್ದೆ ಮಾಡಿತು.

ಎರಡನೆಯ ಮಹಾಯುದ್ಧದಲ್ಲಿ ಐರ್ಲೆಂಡ್ ತಟಸ್ಥವಾಗಿತ್ತು, ಆದರೆ ಹತ್ತಾರು ಸಾವಿರ ಐರಿಷರು ಬ್ರಿಟಿಷ್ ಪಡೆ ಸೇರಿದರು. ಐರಿಷ್ ಸೇನೆಯನ್ನು ಬಿಟ್ಟು ಹಾಗೆ ಹೋದ ಸುಮಾರು 5,000 ಮಂದಿಯನ್ನು 1945ರಲ್ಲಿ ವಜಾ ಮಾಡಿ ಸರ್ಕಾರಿ ಕೆಲಸದಿಂದ ದೂರವಿಟ್ಟರು. 2013ರಲ್ಲಿ ಅವರಿಗೆ ಕ್ಷಮೆ ಸಿಕ್ಕಿತು, ಆಗ ಬದುಕಿದ್ದವರು ಕೆಲವೇ ಜನ.

ಅಮೆರಿಕಕ್ಕೆ ಹೋದ ಕವಲಿನವರಿಗೆ ಮೂರನೆಯ ಬೆಂಕಿ ಇದೆ. 1973ರ ಜುಲೈ 12ರಂದು ಸೇಂಟ್ ಲೂಯಿಸ್‌ನ ಸೇನಾ ದಾಖಲೆ ಕೇಂದ್ರ ಹೊತ್ತಿಕೊಂಡು, 1912ರಿಂದ 1960ರ ನಡುವೆ ಬಿಡುಗಡೆಯಾದ ಭೂಸೇನೆಯ ಸೈನಿಕರ ಕಡತಗಳಲ್ಲಿ ನೂರಕ್ಕೆ 80ರಷ್ಟು ನಾಶವಾದವು. ಅದಕ್ಕೆ ಹಿಂದಿನ ಅಂತರ್ಯುದ್ಧದ ಕಾಗದಗಳು ವಾಷಿಂಗ್ಟನ್ನಿನಲ್ಲಿ ಸುರಕ್ಷಿತವಾಗಿವೆ. ಆ ಯುದ್ಧದಲ್ಲಿ ಉತ್ತರದ ಸೇನೆಯಲ್ಲೇ ಸುಮಾರು ಒಂದೂವರೆ ಲಕ್ಷ ಐರ್ಲೆಂಡಿನಲ್ಲಿ ಹುಟ್ಟಿದವರಿದ್ದರು. ವಿಧವೆ ಪಿಂಚಣಿ ಕೇಳುವಾಗ ಮದುವೆ ನಿಜವೆಂದು ತೋರಿಸಲು ಐರ್ಲೆಂಡಿನ ಪಾದ್ರಿಯ ಪತ್ರ, ಗಂಡ ಯುದ್ಧಭೂಮಿಯಿಂದ ಬರೆದ ಕಾಗದ ಎಲ್ಲವನ್ನೂ ಅರ್ಜಿಗೆ ಲಗತ್ತಿಸುತ್ತಿದ್ದಳು. ಐರ್ಲೆಂಡಿನಲ್ಲಿ ಸಿಗದ ಎಷ್ಟೋ ಊರಿನ ಹೆಸರು ಆ ಕಡತಗಳಲ್ಲಿ ಸಿಗುತ್ತದೆ.

ಡಿಎನ್‌ಎ ಪರೀಕ್ಷೆ ಎಲ್ಲ ಬಿಡಿಸುತ್ತದೆಂಬ ಜಾಹೀರಾತಿನ ಮಾತು ಉತ್ಪ್ರೇಕ್ಷೆ. ಅದು ದೂರದ ದಾಯಾದಿಯನ್ನು ತೋರಿಸಬಲ್ಲದು, ಆ ದಾಯಾದಿಯ ಮನೆಯಲ್ಲಿ ಟೌನ್‌ಲ್ಯಾಂಡಿನ ನೆನಪು ಉಳಿದಿದ್ದರೆ ಅದೇ ದೊಡ್ಡ ಲಾಭ. ಸಂಖ್ಯೆ, ರೆಜಿಮೆಂಟು, ದಿನಾಂಕ ಯಾವುದನ್ನೂ ಅದು ಹೇಳುವುದಿಲ್ಲ. ಹಣ ಕೊಟ್ಟು ನೋಡುವ ತಾಣಗಳಲ್ಲಿ ಬೇರೆಯವರು ಕಟ್ಟಿದ ವಂಶವೃಕ್ಷಗಳನ್ನು ನಕಲು ಮಾಡಿಕೊಳ್ಳುವುದು ಇನ್ನೂ ಅಪಾಯ. ಮೈಕಲ್ ಮರ್ಫಿ ಎಂಬ ಹೆಸರಿನವರು ಒಂದೇ ಪ್ಯಾರಿಷ್‌ನಲ್ಲಿ ಅರ್ಧ ಡಜನ್ ಇರುತ್ತಾರೆ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರಿಡುವ ರೂಢಿಯಿಂದ ಅದೇ ಹೆಸರುಗಳು ತಲೆಮಾರಿನಿಂದ ತಲೆಮಾರಿಗೆ ಸುತ್ತುತ್ತವೆ. ಭೂಮಿ ಇಲ್ಲದ ಕೂಲಿಗಳು ಗ್ರಿಫಿತ್‌ನ ಪಟ್ಟಿಯಲ್ಲಿ ಇರುವುದೇ ಕಡಿಮೆ. 1800ಕ್ಕಿಂತ ಹಿಂದೆ ಸಾಮಾನ್ಯ ಕ್ಯಾಥೊಲಿಕ್ ಕುಟುಂಬವನ್ನು ಕಾಗದದಲ್ಲಿ ಹಿಡಿಯುವುದು ಬಹುತೇಕ ಅಸಾಧ್ಯ. ರಾಜಮನೆತನಕ್ಕೆ ತಲುಪಿದ ವೃಕ್ಷ ಕಂಡರೆ ಅದನ್ನು ಅನುಮಾನದಿಂದಲೇ ನೋಡಬೇಕು.

ಹೊಸ ಆಸೆಯೊಂದಿದೆ. 1921ರಲ್ಲಿ ಸ್ವಾತಂತ್ರ್ಯ ಯುದ್ಧದ ಕಾರಣ ಗಣತಿ ನಡೆಯಲಿಲ್ಲ. ಸ್ವತಂತ್ರ ಐರ್ಲೆಂಡಿನ ಮೊದಲ ಗಣತಿ ನಡೆದದ್ದು 1926ರ ಏಪ್ರಿಲ್ 18ರಂದು. ಅದನ್ನು ಮುಚ್ಚಿಡಬೇಕಾದ ನೂರು ವರ್ಷಗಳ ಅವಧಿಯ ಕೊನೆ 2026ರ ಏಪ್ರಿಲ್ 18. ಯುದ್ಧದಿಂದ ಮರಳಿದ ಸೈನಿಕ ಎಲ್ಲಿ ನೆಲೆಸಿದ, ಯಾವ ಕೆಲಸ ಮಾಡಿದ, ಮಗ ಸತ್ತ ತಾಯಿ ಯಾರ ಮನೆಯಲ್ಲಿದ್ದಳು ಎಂಬುದಕ್ಕೆ ಅದು ಉತ್ತರ ಕೊಡಬಲ್ಲದು.

ಕರ್ನಾಟಕದಲ್ಲಿ ಇರುವವರು ಈ ಹುಡುಕಾಟಕ್ಕೆ ಮಾಡಬಹುದಾದ ಒಂದು ಕೆಲಸವಿದೆ. ಮದ್ರಾಸ್ ಪ್ರಾಂತ್ಯದ ಚರ್ಚುಗಳು ಕಳುಹಿಸುತ್ತಿದ್ದ ಜ್ಞಾನಸ್ನಾನ, ಮದುವೆ, ಸಮಾಧಿ ಪಟ್ಟಿಗಳ ಪ್ರತಿ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿದೆ. ಆದರೆ ಎಲ್ಲರ ಹೆಸರೂ ಅವುಗಳಲ್ಲಿ ಇಲ್ಲ. ಬೆಂಗಳೂರು, ಬಳ್ಳಾರಿ, ಬೆಳಗಾವಿ, ಶ್ರೀರಂಗಪಟ್ಟಣಗಳ ಹಳೆಯ ದಂಡಿನ ಸ್ಮಶಾನಗಳಲ್ಲಿ ಕಲ್ಲುಗಳ ಅಕ್ಷರ ಮಳೆಬಿಸಿಲಿಗೆ ಸವೆಯುತ್ತಿದೆ. ಬ್ರಿಟಿಷ್ ಇಂಡಿಯಾ ಕುಟುಂಬಗಳ ಸಂಘವಾದ ಫಿಬಿಸ್ ಇಂಥ ಶಾಸನಗಳನ್ನು ಸಂಗ್ರಹಿಸಿ ಉಚಿತವಾಗಿ ಹುಡುಕಲು ಇಡುತ್ತದೆ. ನಿಮ್ಮ ಊರಿನಲ್ಲಿ ಅಂಥ ಸ್ಮಶಾನ ಇದ್ದರೆ ಒಂದು ಭಾನುವಾರ ಬೆಳಿಗ್ಗೆ, ಓರೆ ಬಿಸಿಲು ಅಕ್ಷರಗಳ ಮೇಲೆ ಬೀಳುವ ಹೊತ್ತಿಗೆ ಹೋಗಿ. ಪ್ರತಿ ಕಲ್ಲಿನ ಫೋಟೋ ತೆಗೆದು, ಹೆಸರು, ತಾರೀಖು, ರೆಜಿಮೆಂಟನ್ನು ಕಂಡಂತೆಯೇ ಬರೆದು ಕಳುಹಿಸಿಕೊಡಿ.